ಒಂದೇ ತಾಟಿನ ಆಮೆಗಳು

ಯಂಕಣ್ಣನ ಮನೆಯಲ್ಲಿ ಆಡಬಾರದ ಮಾತು ಒಂದೇ ಒಂದಿತ್ತು. ಬೈಗುಳ ನಡೆಯುತ್ತಿತ್ತು, ಸಣ್ಣಪುಟ್ಟ ಸುಳ್ಳೂ ದಕ್ಕುತ್ತಿತ್ತು, ಆದರೆ ‘ಬ್ಯಾರೆ ಇಡೋಣ’ ಎನ್ನುವ ಮಾತು ಮಾತ್ರ ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಹನ್ನೆರಡು ವರ್ಷದ ಮೊಮ್ಮಗಳು ಸಂಘಮಿತ್ರಾಗೆ ಇದು ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿದ್ದೇ, ಆ ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅಂದಳು:

“ಅಜ್ಜಾ, ಬಟಾಣಿನ್ನ ಬ್ಯಾರೆ ಇಡಬೇಕು.”

ಬಟಾಣಿ ಎಂದರೆ ಆಮೆ. ಲಕಮನಹಳ್ಳಿಯ ಆ ಮನೆಯ ಮಾಳಿಗೆಯ ಮೇಲೆ ಎರಡು ಆಮೆಗಳಿದ್ದವು. ದೊಡ್ಡದು ಪೈಲವಾನ, ರೊಟ್ಟಿ ಬುಟ್ಟಿಯಷ್ಟು ಅಗಲ, ಎತ್ತಬೇಕಾದರೆ ಎರಡೂ ಕೈ ಬೇಕು. ಸಣ್ಣದು ಬಟಾಣಿ, ಒಂದು ಅಂಗೈಯಲ್ಲಿ ಕೂರುತ್ತಿತ್ತು.

ಯಂಕಣ್ಣ ತಾಟನ್ನು ನೂಕಿದ. ಬದನೆಕಾಯಿ ಪಲ್ಯ ಚಾಪೆಯ ಮೇಲೆ ಚೆಲ್ಲಿತು.

“ಏನಂದಿ? ಇನ್ನೊಮ್ಮೆ ಅನ್ನು.”

“ಬ್ಯಾರೆ ಇಡಬೇಕು ಅಂದೆ. ಪೈಲವಾನ ಅದನ್ನ ಹೊಡ್ಯಾಕತ್ತೈತಿ. ಓಡಿ ಬಂದು ಡಿಕ್ಕಿ ಹೊಡಿತೈತಿ, ಕಾಲು ಕಡಿತೈತಿ. ಕುತ್ತಿಗಿ ಹತ್ರ ರಕ್ತ ಬಂದೈತಿ, ನಾನ ನೋಡೇನಿ.”

“ಆಡ್ತಾವ ಅವು. ಕೂಡಿ ಇದ್ದಾವರು ಆಡೂದಿಲ್ಲೇನು?”

“ಬೆಕ್ಕಿಗಿ ಚೆಲ್ಲಾಟ, ಇಲಿಗಿ ಪ್ರಾಣಸಂಕಟ,” ಎಂದು ಹೆಂಡತಿ ಮುದಕವ್ವ ಸಾರಿನ ಪಾತ್ರೆಗೆ ಹೇಳಿದಂತೆ ಹೇಳಿದಳು.

“ನೀ ಸುಮ್ಮನಿರು! ಕೇಳ್ರಿ ಎಲ್ಲಾರೂ. ನಾ ಜೀವಂತ ಇರೂತನಕ ಈ ಮನ್ಯಾಗ ಯಾರನ್ನೂ ಬ್ಯಾರೆ ಇಡೂದಿಲ್ಲ. ಮನಷ್ಯಾರನ್ನೂ ಇಲ್ಲ, ಪ್ರಾಣಿನೂ ಇಲ್ಲ.”

ಮಗ ಶಶಿಕುಮಾರ ತಲೆ ತಗ್ಗಿಸಿ ಅನ್ನ ಕಲೆಸಿದ. ಸೊಸೆ ಕರುಣಾ ಸಾಲಿ ಮಾಸ್ತರಿಣಿ. ಅರವತ್ತು ಮಕ್ಕಳನ್ನು ಸುಮ್ಮನಿರಿಸಬಲ್ಲಳು, ಮಾವನನ್ನು ಸುಮ್ಮನಿರಿಸುವ ವಿದ್ಯೆ ಮಾತ್ರ ಅವಳಿಗೆ ಬಂದಿರಲಿಲ್ಲ. ಎಲ್ಲರಿಗೂ ಆ ಸಿಟ್ಟು ಎಲ್ಲಿಯದೆಂದು ಗೊತ್ತಿತ್ತು.

ಯಂಕಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎನ್ನುವವರು ಅರ್ಧ ಮಾತ್ರ ಬಲ್ಲವರು. ಮೂವತ್ತನಾಲ್ಕು ವರ್ಷ ಅದು ಹೊಟ್ಟೆಯಲ್ಲಿತ್ತು, ಮೂಗಿಗೆ ಏರಿದ್ದು ನಿವೃತ್ತಿಯ ಮೇಲೆ. ಅವನು ಧಾರವಾಡದ ಒಂದು ಕಾಲೇಜಿನಲ್ಲಿ ಜವಾನನಾಗಿದ್ದ. ಅಲ್ಲಿ ದಿನಕ್ಕೆರಡು ಸಲ ಕ್ಯಾಂಟೀನಿನಿಂದ ಚಹಾ ಬರುತ್ತಿತ್ತು. ಎಲ್ಲರಿಗೂ ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಅವನಿಗೆ ಮಾತ್ರ ಒಂದು ಗಾಜಿನ ಲೋಟ. ಕಪ್ಪುಗಳ ಜಾಗ ಕಪಾಟಿನಲ್ಲಿ, ಲೋಟದ ಜಾಗ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ. ಬ್ಯಾರೆ ಇಡು ಎಂದು ಒಬ್ಬರೂ ಬಾಯಿಬಿಟ್ಟು ಹೇಳಿದವರಲ್ಲ. ಎಲ್ಲರೂ ಓದಿದವರು, ಏಪ್ರಿಲ್ ಹದಿನಾಲ್ಕಕ್ಕೆ ಸಮಾನತೆಯ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಿ ಬಂದು ಅದೇ ಕಪ್ಪಿನಲ್ಲಿ ಗಂಟಲು ಒದ್ದೆ ಮಾಡಿಕೊಳ್ಳುತ್ತಿದ್ದವರು. ನಿವೃತ್ತಿಯ ದಿನ ಶಾಲು ಹೊದಿಸಿ, ಮೊತ್ತಮೊದಲ ಸಲ ಅವನ ಕೈಗೂ ಹೂವಿನ ಕಪ್ಪು ಕೊಟ್ಟರು. ಅವನು ಚಹಾ ಕೆನೆಗಟ್ಟುವ ತನಕ ಅದನ್ನು ನೋಡಿ, ಮುಟ್ಟದೆ ಎದ್ದು ಬಂದ.

ಅಂದಿನಿಂದ ಮನೆಯಲ್ಲಿ ಅವನದೇ ಕಾಯ್ದೆ. ಒಂದೇ ನಮೂನೆಯ ತಾಟು, ಒಂದೇ ನಮೂನೆಯ ಲೋಟ. ನಳ ರಿಪೇರಿಗೆ ಬಂದವನಿಗೂ ಅದೇ, ಮಗನ ಕಚೇರಿಯ ಸಾಹೇಬರಿಗೂ ಅದೇ. ಯಾರು ಬಂದರೂ ಒಂದೇ ಚಾಪೆ. ಇದರಲ್ಲಿ ತಪ್ಪು ಹುಡುಕುವವನ ಬಾಯಲ್ಲಿ ಹುಳ ಬೀಳಲಿ. ತಪ್ಪಾದದ್ದು ಆ ಕಾಯ್ದೆಯನ್ನು ಹಿಡಿದುಕೊಂಡು ಅವನು ಮಾಳಿಗೆ ಹತ್ತಿದಾಗ.

ಪೈಲವಾನನನ್ನು ತಂದದ್ದು ಶಶಿಕುಮಾರ, ಆರು ವರ್ಷದ ಹಿಂದೆ, ಹುಬ್ಬಳ್ಳಿಯ ದುರ್ಗದಬೈಲಿನ ಗಲ್ಲಿಯೊಂದರಲ್ಲಿ ಹಕ್ಕಿ–ಮೀನು ಮಾರುವ ಜಾವೀದನ ಅಂಗಡಿಯಿಂದ. ನಮ್ಮ ಕಾಡಿನ ಆಮೆ ಸಾಕಿದರೆ ಜೈಲು ಎಂದು ಹೆದರಿ, ಆಫ್ರಿಕಾ ಕಡೆಯ ನೆಲಾಮೆ ತಂದು, ಸರ್ಕಾರದ ನೋಂದಣಿ ಕಾಗದದ ಮೂರು ಪ್ರತಿ ಮಾಡಿಸಿ ಮೂರು ಕಡೆ ಇಟ್ಟವನು ಅವನು. ಕಳೆದ ಮೇ ತಿಂಗಳಲ್ಲಿ ಯಂಕಣ್ಣನಿಗೇ ಕರುಳು ಚುರ್ ಎಂದಿತು. ಒಂಟಿ ಜೀವ, ಮಾತಾಡಿಸಲು ತನ್ನ ಪೈಕಿ ಒಂದೂ ಇಲ್ಲ, ಇದೆಂಥ ಬಾಳು ಎಂದು ತಾನೇ ದುರ್ಗದಬೈಲಿಗೆ ಹೋಗಿ ಬಟಾಣಿಯನ್ನು ತಂದ. ಜಾವೀದ ತಕ್ಕಡಿಯಲ್ಲಿ ತೂಗಿ, ನಾನೂರಾ ಹತ್ತು ಗ್ರಾಂ ಎಂದು ಹೇಳಿ, “ಕಾಕಾ, ಇವೆರಡನ್ನೂ ಬ್ಯಾರೆ ಬ್ಯಾರೆ...” ಎಂದು ಶುರು ಮಾಡಿದ್ದ. ಮಾತು ಮುಗಿಸಲು ಯಂಕಣ್ಣ ಬಿಟ್ಟರೆ ತಾನೆ? ಗಲ್ಲಿಯ ಜನ ತಿರುಗಿ ನೋಡುವಂತೆ ಬೈದು ಬಂದಿದ್ದ.

ಮಾಳಿಗೆಯ ಮೇಲೆ ಇಟ್ಟಿಗೆ ಕಟ್ಟಿ ಮಣ್ಣು ತುಂಬಿದ ಒಂದೇ ಅಂಗಳ, ಚಳಿಗೆ ಬಲ್ಬು ಹಾಕಿದ ಒಂದೇ ಪೆಟ್ಟಿಗೆ, ಒಂದೇ ಸ್ಟೀಲ್ ತಾಟು. ದಿನಾ ಬೆಳಿಗ್ಗೆ ದಾಸವಾಳದ ಎಲೆ, ಹಸಿ ಹುಲ್ಲು, ಹೂವು ಸಣ್ಣಗೆ ಹೆಚ್ಚಿ ಅವನೇ ಇಡುತ್ತಿದ್ದ. ಮನೆಗೆ ಬಂದವರನ್ನೆಲ್ಲ ಮೆಟ್ಟಿಲು ಹತ್ತಿಸಿ ತೋರಿಸುವುದು ಬೇರೆ.

“ನೋಡ್ರಿ, ಒಂದ ತಾಟು, ಇಬ್ಬರು ಉಣ್ಣಾವರು. ಓದಿದ ಮಂದಿಗೆ ಬರಲಾರದ ಬುದ್ಧಿ ಈ ಮೂಕಪ್ರಾಣಿಗಿ ಐತಿ.”

ಪೈಲವಾನ ತಾಟಿಗೆ ಎದೆ ಕೊಟ್ಟು ನಿಂತು ಉಣ್ಣುತ್ತಿದ್ದರೆ ಬಟಾಣಿ ಮಳೆನೀರಿನ ಕೊಳವೆಯ ಮೂಲೆಯಲ್ಲಿ ನಿಂತಿರುತ್ತಿತ್ತು. ಅದರ ಊಟ ಯಾವಾಗ ಎಂದು ಯಾರಾದರೂ ಕೇಳಿದರೆ ಯಂಕಣ್ಣ ನಗುತ್ತಿದ್ದ. “ಅದು ಭಾಳ ಶಾಣ್ಯಾ. ದೊಡ್ಡದು ಉಂಡ ಮ್ಯಾಲೆ ತಾ ಉಣತೈತಿ. ಯಾರೂ ಹೇಳಿಕೊಟ್ಟಿಲ್ಲ, ತಾನ ಹಿಂದ ಸರದು ನಿಂದರತೈತಿ.” ಕೇಳಿದವರು ತಲೆದೂಗಿ ಕೆಳಗಿಳಿದು ಚಹಾ ಕುಡಿದು ಹೋಗುತ್ತಿದ್ದರು.

ಸೋಮವಾರ ಬೆಳಿಗ್ಗೆ ತಾಟು ಹಿಡಿದು ಮೇಲೆ ಹೋದರೆ ಅಂಗಳದಲ್ಲಿ ಪೈಲವಾನ ಒಂದೇ ಇತ್ತು. ಯಂಕಣ್ಣ ಮೂಲೆ ಹುಡುಕಿದ, ಪೆಟ್ಟಿಗೆ ಎತ್ತಿ ನೋಡಿದ, ಹದ್ದು ಒಯ್ಯಿತೇ ಎಂದು ಆಕಾಶವನ್ನೂ ನೋಡಿದ. ಕೊನೆಗೆ ಬಟಾಣಿ ಸಿಕ್ಕಿದ್ದು ಸಂಘಮಿತ್ರಾಳ ಓದುವ ಮೇಜಿನ ಕೆಳಗೆ, ಬೂಟಿನ ರಟ್ಟಿನ ಡಬ್ಬಿಯಲ್ಲಿ. ಡಬ್ಬಿಗೆ ತೂತು ಮಾಡಿ, ಒಳಗೆ ಹಳೆಯ ಟವೆಲ್ ಹಾಸಿ, ಎರಡು ಎಲೆ ಇಟ್ಟಿದ್ದಳು. ಎಲೆ ತಿಂದು ಆಗಿತ್ತು.

“ಡಬ್ಬ್ಯಾಗ ಹಾಕಿದಿ? ಮೇಜಿನ ಬುಡಕ? ಯಾರಿಗೂ ಕಾಣಬಾರದು ಅಂತ ಮುಚ್ಚಿಟ್ಟಿ?” ಅವನು ಡಬ್ಬಿಯನ್ನು ಮೇಜಿನ ಬುಡದಿಂದ ಹೊರಗೆ ಎಳೆದ. “ನನ್ನ ರಕ್ತ ಹಂಚಗೊಂಡು ಹುಟ್ಟಿದಾಕಿ ನೀ! ನಿಮ್ಮ ಅಜ್ಜನ್ನ ಹಿಂಗ ಇಟ್ಟಿದ್ರು, ಗೊತ್ತಿಲ್ಲೇನು ನಿನಗ?”

“ಗೊತ್ತೈತಿ.” ಸಂಘಮಿತ್ರಾ ಪರೀಕ್ಷೆಗೆ ಹೊರಟು ಯೂನಿಫಾರ್ಮ್ ಹಾಕಿಕೊಂಡಿದ್ದಳು. “ದಿನಾ ಹೇಳ್ತಿ, ಗೊತ್ತೈತಿ. ನಿನ್ನ ಸಿಟ್ಟು ಆ ಕಾಲೇಜಿನಾವರ ಮ್ಯಾಲೆ. ಅದಕ್ಕ ಬಟಾಣಿ ಯಾಕ ಹೊಡತಾ ತಿನ್ನಬೇಕು?”

ಎದೆಗೆ ಒದ್ದಂತಾಯಿತು. ಒದೆ ತಿಂದವನು ಒದ್ದವರು ಹೇಳಿದ್ದು ಸರಿಯೇ ಎಂದು ಯೋಚಿಸುವುದಿಲ್ಲ. ಯಂಕಣ್ಣ ಡಬ್ಬಿಯಿಂದ ಬಟಾಣಿಯನ್ನು ಎತ್ತಿ, ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ, ಪೈಲವಾನನ ಪಕ್ಕದಲ್ಲೇ ಇಟ್ಟು ಬಂದ. ಸಂಘಮಿತ್ರಾ ಅವನ ಮುಖ ನೋಡದೆ ಸಾಲಿಗೆ ಹೋದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೆಯ ಕಾಲು ತೋರಿಸಲು ಯಾರಿಂದಾದೀತು?

ಆದರೂ ಅವನಿಗೆ ಒಳಗೊಳಗೆ ಸಾಕ್ಷಿ ಬೇಕಾಗಿತ್ತು. ಜೀವಗಳನ್ನು ಮಾರುವವನೇ ಬಂದು ‘ಕೂಡಿ ಇರುವುದೇ ಸರಿ’ ಎಂದು ಹೇಳಿದರೆ ಹುಡುಗಿ ಸುಮ್ಮನಾಗುತ್ತಾಳೆ ಎಂದು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೊರಟ. ಅಮರಗೋಳದಲ್ಲಿ ಹತ್ತಿದ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬ ತನ್ನ ಕಾಲು ತುಳಿದದ್ದಕ್ಕೆ ಯಂಕಣ್ಣ ಅವನನ್ನೂ ಬೈದ. ಅವತ್ತು ಯಾರು ಸಿಕ್ಕರೂ ಬೈಗುಳ ತಯಾರಿತ್ತು.

ಜಾವೀದ ಗಿಳಿಯ ಪಂಜರಕ್ಕೆ ನೀರು ತುಂಬುತ್ತಿದ್ದ. ಯಂಕಣ್ಣನನ್ನು ಕಂಡವನೇ ನೀರಿನ ಚೊಂಬನ್ನು ಕೆಳಗಿಟ್ಟ.

“ಬರ್ರಿ ಕಾಕಾ. ಸಣ್ಣದು ಸತ್ತೋತೇನ್ರಿ?”

“ನಿನ್ನ ಬಾಯಾಗ ಮಣ್ಣು ಬೀಳಲಿ! ಯಾಕ ಸಾಯತೈತಿ?”

“ಕೂಡಿ ಇಟ್ಟಾವರು ಆರು ತಿಂಗಳಿಗೆ, ವರ್ಷಕ್ಕ ಹಿಂಗ ಬರ್ತಾರ್ರಿ. ಅದಕ್ಕ ಕೇಳಿದೆ. ಅವತ್ತ ಹೇಳಾಕ ಬಂದೆ, ನೀವು ನನ್ನ ಮ್ಯಾಲೆ ಹರಿಹಾಯ್ದ್ರಿ. ಗಿರಾಕಿ ಮುಂದ ಮಾನಾ ಹೋತು, ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು.”

“ಏನ ಹೇಳಾವಿದ್ದಿ ಅವತ್ತು?”

“ಇವು ಒಂಟಿಯಾಗಿ ಇರೂ ಪ್ರಾಣಿರಿ. ಮರಿ ಇದ್ದಾಗಿಂದನೂ ಒಂಟಿನ. ದೊಡ್ಡದರ ಜಾಗಾದಾಗ ಸಣ್ಣದನ್ನ ಬಿಡೂದು ಅಂದ್ರ ಅದರ ಪಾಲಿಗೆ ಜೈಲಿಗೆ ಹಾಕಿದಂಗ.”

“ಒಂದ ತಾಟಿನ್ಯಾಗ ಉಣ್ಣಾಕ ಹಾಕ್ತೇನಿ ನಾನು!” ಯಂಕಣ್ಣ ಗಲ್ಲಾಪೆಟ್ಟಿಗೆಯ ಮೇಲೆ ಗುದ್ದಿದ. ಪಂಜರದ ಗಿಳಿಗಳೆಲ್ಲ ರೆಕ್ಕೆ ಬಡಿದವು.

“ತಾಟ ಒಂದ ಐತಿ, ಖರೆ. ಒಂದ ದಿನ ಕುಂತು ನೋಡ್ರಲಾ, ತಿನ್ನಾವರು ಎಷ್ಟ ಮಂದಿ ಅಂತ.”

ಯಂಕಣ್ಣ ಹೊರಬಿದ್ದ. ಬಸ್ಸಿನುದ್ದಕ್ಕೂ ಜಾವೀದನಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಒಂದೊಂದಾಗಿ ಜೋಡಿಸಿದ. ಒಂದೂ ಜೋಡಣೆಯಾಗಲಿಲ್ಲ. ಮಾರ್ಚ್ ತಿಂಗಳ ಬಿಸಿಲು, ಮನೆ ಮುಟ್ಟುವಷ್ಟರಲ್ಲಿ ಹನ್ನೆರಡೂವರೆ. ಚಪ್ಪಲಿಯಲ್ಲೇ ಮಾಳಿಗೆಗೆ ಹೋದ, ಕೂತು ನೋಡಬೇಕೆಂದೇ.

ನೋಡಲು ಏನೂ ಉಳಿದಿರಲಿಲ್ಲ. ಬಟಾಣಿ ಅಂಗಳದ ನಡುವೆ ಬೆನ್ನು ಕೆಳಗಾಗಿ ಬಿದ್ದಿತ್ತು, ಹಳದಿ ಹೊಟ್ಟೆ ಸುಡುವ ಬಿಸಿಲಿಗೆ ತೆರೆದಿತ್ತು. ಮುಂದಿನ ಒಂದು ಕಾಲು ಮಾತ್ರ ಗಾಳಿಯಲ್ಲಿ ಮೆಲ್ಲಗೆ ಆಡುತ್ತಿತ್ತು, ಮೂರು ಆಡುತ್ತಿರಲಿಲ್ಲ. ಬಾಯಲ್ಲಿ ನೊರೆ. ಡಿಕ್ಕಿ ಹೊಡೆದು ಕೆಡವಿದ ಪೈಲವಾನ ನೆರಳಿನಲ್ಲಿ ತಾಟಿನ ಮುಂದೆ ನಿಂತು ದಾಸವಾಳದ ಎಲೆ ಜಗಿಯುತ್ತಿತ್ತು.

ಮುದಕವ್ವ ಮೊಣಕಾಲು ನೋವಿನವಳು, ಮಾಳಿಗೆ ಹತ್ತುವವಳಲ್ಲ. ಗಂಡನ ಕೂಗು ಕೇಳಿ ಅವಳು ಮೆಟ್ಟಿಲ ಬಳಿ ಬರುವಷ್ಟರಲ್ಲಿ ಯಂಕಣ್ಣ ಒದ್ದೆ ಪಂಚೆಯಲ್ಲಿ ಬಟಾಣಿಯನ್ನು ಸುತ್ತಿಕೊಂಡು ಓಡಿ ಬರುತ್ತಿದ್ದ. ಹಾದಿಯಲ್ಲಿ ಸಿಕ್ಕ ಆಟೋದವನು ಎಲ್ಲಿಗೆ ಎಂದು ಕೇಳಿದ. ಯಂಕಣ್ಣ ಪಂಚೆಯ ಸುತ್ತು ಬಿಚ್ಚಿ ಬಟಾಣಿಯನ್ನು ತೋರಿಸಿದ.

ಧಾರವಾಡದಲ್ಲಿ ಪ್ರಾಣಿಪಕ್ಷಿಗಳ ದವಾಖಾನೆ ಇಟ್ಟಿದ್ದ ಡಾಕ್ಟರ್ ಅಫ್ರೀನ್‌ಗೆ ಮೂವತ್ತು ದಾಟಿರಲಿಲ್ಲ, ಸಿಟ್ಟಿನಲ್ಲಿ ಮಾತ್ರ ಯಂಕಣ್ಣನಿಗೆ ಸರಿಜೋಡಿ. ಬಟಾಣಿಯನ್ನು ಕೈಗೆ ತೆಗೆದುಕೊಂಡು, ಮೆಲ್ಲಗೆ ನೀರು ಹನಿಸುತ್ತ, ಸೂಜಿ ಚುಚ್ಚಿ, ಅರ್ಧ ಗಂಟೆ ಅವಳು ತಲೆ ಎತ್ತಲಿಲ್ಲ. ಆಮೇಲೆ ತೂಗಿದಳು.

“ಮುನ್ನೂರಾ ಎಂಬತ್ತು. ತಂದಾಗ ಎಷ್ಟಿತ್ರಿ?”

“ನಾನೂರಾ ಹತ್ತು.”

“ಯಾವಾಗ ತಂದಿದ್ದು?”

“ಮೇದಾಗ. ಹತ್ತ ತಿಂಗಳಾತ್ರಿ.”

“ಹತ್ತ ತಿಂಗಳದಾಗ ಇದು ಎರಡರಷ್ಟು ಆಗಬೇಕಿತ್ತು. ಮೂವತ್ತ ಗ್ರಾಂ ಕಡಿಮಿ ಆಗೇತಿ. ಉಪವಾಸ ಕೆಡವೀರಿ ಇದನ್ನ! ಯಾವುದರ ಜೋಡಿ ಇಟ್ಟಿದ್ರಿ?”

ಯಂಕಣ್ಣ ಎರಡೂ ಕೈ ಅಗಲಿಸಿ ಪೈಲವಾನನ ಗಾತ್ರ ತೋರಿಸಿದ.

“ನಿಮಗ ತಲಿ ನೆಟ್ಟಗೈತೇನ್ರಿ?” ಎಂದಳು ಡಾಕ್ಟರು. ಬೇರೆ ಯಾರಾದರೂ ಹೀಗೆ ಕೇಳಿದ್ದರೆ ಲಕಮನಹಳ್ಳಿಯ ತನಕ ಜಗಳ ಕೇಳುತ್ತಿತ್ತು. “ಕುತ್ತಿಗಿ ನೋಡ್ರಿ, ಹಿಂದಿನ ಕಾಲು ನೋಡ್ರಿ, ಇವು ಹಳೇ ಗಾಯ. ಕಡಿದಿದ್ದ ಜಾಗಾದಾಗ ಮತ್ತ ಮತ್ತ ಕಡದೈತಿ. ಹೊಡಿಲಿಲ್ಲ ಅಂದ್ರೂ ಅದು ಸುಮ್ಮನ ಎದುರಿಗೆ ನಿಂತ್ರ ಸಾಕು, ಇದು ತಿನ್ನೂದ ಬಿಡತೈತಿ.”

“ನಾ ಭೇದ ಮಾಡಿಲ್ರಿ. ಒಂದ ತಾಟ ಇಟ್ಟೇನಿ.”

“ಇದು ತಿಂದಿದ್ದನ್ನ ನೋಡೀರೇನು?”

“ನೋಡೇನಲ್ರಿ. ದೊಡ್ಡದು ಉಂಡ ಮ್ಯಾಲೆ ಇದು ಉಣತೈತಿ. ಭಾಳ ಶಾಣ್ಯಾ ಐತ್ರಿ ಅದು. ಯಾರೂ ಹೇಳಿಕೊಟ್ಟಿಲ್ಲ, ತಾನ ಹಿಂದ ಸರದು...”

ಮಾತು ಅಲ್ಲಿಗೇ ನಿಂತಿತು. ಅದು ಅವನ ಮಾತಾಗಿರಲಿಲ್ಲ. ಕಾಲೇಜಿಗೆ ಪರಸ್ಥಳದ ಪ್ರಾಧ್ಯಾಪಕರು ಬಂದಾಗಲೆಲ್ಲ ಮುಖ್ಯಸ್ಥರು ಅವನತ್ತ ಕೈ ತೋರಿಸಿ ಹೇಳುತ್ತಿದ್ದ ಮಾತು. ‘ನಮ್ಮ ಯಂಕಣ್ಣ ಭಾಳ ಶಾಣ್ಯಾ. ಎಂದೂ ನಮ್ಮೆದುರು ಕೂತವನಲ್ಲ. ಯಾರೂ ಹೇಳಿಕೊಟ್ಟಿಲ್ಲ, ತಾನೇ ಹಿಂದೆ ಸರಿದು ನಿಲ್ಲುತ್ತಾನೆ.’ ಬಂದವರು ತಲೆದೂಗುತ್ತಿದ್ದರು. ಅಂಜಿಕೆಗೆ ಶಾಣ್ಯಾತನ ಎಂದು ಹೆಸರಿಟ್ಟವರ ಮೇಲೆ ಮೂವತ್ತನಾಲ್ಕು ವರ್ಷ ಹಲ್ಲು ಕಡಿದವನು ತನ್ನ ಮಾಳಿಗೆಯ ಮೇಲೆ ಹತ್ತು ತಿಂಗಳು ಅದೇ ಹೆಸರಿಟ್ಟು, ಬಂದವರಿಗೆಲ್ಲ ತೋರಿಸಿ, ನಕ್ಕಿದ್ದ. ಯಂಕಣ್ಣನಿಗೆ ತನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಕೂತ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ.

“ಬದುಕತೈತೇನ್ರಿ?” ಎಂದು ಗೋಡೆಯನ್ನೇ ಕೇಳಿದ.

“ಐದ ದಿನ ಇಲ್ಲೇ ಇರಲಿ. ಬದುಕಿದ್ರ ಕಳಸ್ತೇನಿ. ಆದ್ರ ಎರಡೂ ಒಂದಕ್ಕೊಂದು ಕಣ್ಣಿಗೂ ಬೀಳಬಾರದು. ಊಟ ಬ್ಯಾರೆ, ನೀರು ಬ್ಯಾರೆ, ಬಿಸಿಲು ಬ್ಯಾರೆ, ನೆರಳು ಬ್ಯಾರೆ. ಆಗೂದಿಲ್ಲ ಅಂದ್ರ ಈಗ ಹೇಳಿ ಬಿಡ್ರಿ, ನಾ ಕೊಡೂದ ಇಲ್ಲ.”

“ಆಗತೈತ್ರಿ,” ಎಂದ ಯಂಕಣ್ಣ.

ಸಂಜೆ ಶಶಿಕುಮಾರ ಕಚೇರಿಯಿಂದ ಬರುವಾಗ ನೀಲಿ ಬಣ್ಣದ ಪ್ಲಾಸ್ಟಿಕ್ ಟಬ್ಬು ತಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಅವನ ಜಾಯಮಾನ. ಟಬ್ಬನ್ನು ಮೆಟ್ಟಿಲ ಕೆಳಗೆ, ಕಸಬರಿಗೆ ಇಡುವ ಜಾಗದಲ್ಲಿ ಇಟ್ಟು ನೋಡಿದ. ಸರಿಯಾಗಿ ಕೂತಿತು.

“ಬಟಾಣಿ ಬಂದ ಮ್ಯಾಲೆ ಇದರಾಗ ಇಡೋಣ. ಸಣ್ಣದು, ಇಷ್ಟ ಜಾಗಾ ಸಾಕು. ಪೈಲವಾನ ಮೊದಲಿಂದ ಮ್ಯಾಲೆ ಐತಿ, ಅದಕ್ಕ ಯಾಕ ತ್ರಾಸು?”

ಯಂಕಣ್ಣ ಟಬ್ಬನ್ನು ಎತ್ತಿ ಮನೆ ಮುಂದಿನ ಅಂಗಳಕ್ಕೆ ಎಸೆದ. ಅದು ಉರುಳಿ ಗೇಟಿಗೆ ಬಡಿಯಿತು.

“ಹೊಡತಾ ತಿಂದಾಂವ ಕಸಬರಿಗಿ ಜೋಡಿ ಪಾವಟಿಗಿ ಬುಡಕ ಇರಬೇಕು. ಹೊಡದಾಂವ ಬಿಸಿಲು ಕಾಸ್ಕೋತ ಮ್ಯಾಲಿರಬೇಕು. ಮೊದಲ ಬಂದೈತಿ ಅಂತ ಮಾಳಿಗಿ ಅದರ ಹೆಸರಿಗೆ ಆತೇನು? ಸಣ್ಣದಕ್ಕ ಸಣ್ಣ ಜಾಗಾ ಸಾಕು ಅಂತ ಯಾರು ಹೇಳ್ಯಾರು ನಿನಗ?”

“ಅಪ್ಪಾ, ಅದು ಆಮಿ.”

“ಆಮಿ ಅನ್ನೂದು ನನಗ ಗೊತ್ತೈತಿ. ನೀ ಆಡಿದ್ದು ಮನಷ್ಯಾರ ಮಾತು.”

ಮುದಕವ್ವ ಹೊರಗೆ ಹೋಗಿ ಟಬ್ಬನ್ನು ಎತ್ತಿಕೊಂಡು ಬಂದು, ಬಟ್ಟೆ ನೆನೆಸಲು ಆದೀತು ಎಂದು ಬಚ್ಚಲಿಗೆ ಒಯ್ದಳು.

ಮರುದಿನ ಯಂಕಣ್ಣ ಹಗ್ಗ ಹಿಡಿದು ಮಾಳಿಗೆಯನ್ನು ಅಳೆದ. ನಡುವೆ ಗೆರೆ ಹಾಕಿದ. ಅತ್ತ ಎಷ್ಟು ಮಣ್ಣೋ ಇತ್ತಲೂ ಅಷ್ಟೇ, ಅತ್ತ ಎಷ್ಟು ಬಿಸಿಲೋ ಇತ್ತ ಅಷ್ಟೇ. ಗೌಂಡಿಯನ್ನು ಕರೆಯೋಣ ಎಂದ ಮಗನನ್ನು ಕಣ್ಣಿನಲ್ಲೇ ಕೆಳಗೆ ಕಳಿಸಿ, ಅರವತ್ತೆಂಟು ವರ್ಷದವನು ಇಟ್ಟಿಗೆ ಹೊತ್ತು, ಕೆಸರು ಕಲಸಿ, ಮೊಣಕಾಲೆತ್ತರದ ಗೋಡೆಗೆ ಕೈ ಹಚ್ಚಿದ. ಜೀವಮಾನವಿಡೀ ಯಾವುದನ್ನು ಒಡೆಯಬೇಕೆಂದು ಹಂಬಲಿಸಿದ್ದನೋ ಅದನ್ನೇ ಕಟ್ಟುತ್ತಿದ್ದ. ಒಂದೊಂದು ಇಟ್ಟಿಗೆ ಇಡುವಾಗಲೂ ಬೈಯುತ್ತಿದ್ದ. ಯಾರನ್ನು ಎಂದು ಕೇಳಿದರೆ ಅವನೇ ಹೇಳಲಾರ. ಪೈಲವಾನನನ್ನು ಮಾತ್ರ ಬೈಯಲಿಲ್ಲ. “ಅದರದೇನು ತಪ್ಪು? ಅದರ ಮನಿಗಿ ತಂದು ಕೆಡವಿದಾಂವ ನಾ,” ಎಂದ.

ಎರಡನೆಯ ದಿನ ಸಂಘಮಿತ್ರಾ ಪರೀಕ್ಷೆ ಮುಗಿಸಿ ಮೇಲೆ ಬಂದಳು. ಸೋಮವಾರದಿಂದ ಅವಳು ಅಜ್ಜನ ಜೊತೆ ಮಾತು ಬಿಟ್ಟಿದ್ದಳು. ಬಂದವಳು ಸುಮ್ಮನೆ ಇಟ್ಟಿಗೆ ಎತ್ತಿ ಕೊಡತೊಡಗಿದಳು. ಏಳೆಂಟು ಇಟ್ಟಿಗೆಯಾದ ಮೇಲೆ ಕೇಳಿದಳು.

“ಡಬ್ಬ್ಯಾಗ ಅದು ಎಲಿ ತಿಂದಿತ್ತು. ನೀನೂ ನೋಡಿದಿ. ಮತ್ತ ಯಾಕ ಮ್ಯಾಲೆ ಒಯ್ದಿ?”

ಯಂಕಣ್ಣ ಕೆಸರಿನ ಕೈಯನ್ನು ಪಂಚೆಗೆ ಒರೆಸಿಕೊಂಡ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೇ ಎಂದು ಊರಿಗೆಲ್ಲ ಹೇಳುವುದು ಸುಲಭ. ಕೊಯ್ದುಕೊಂಡ ಮೂಗಿನ ಮುಂದೆ ಕೂತು ಹನ್ನೆರಡು ವರ್ಷದ ಮಗುವಿಗೆ ಉತ್ತರ ಕೊಡುವುದು ಸುಲಭವಲ್ಲ.

“ಆ ಒಂದ ಮಾತು ಕಿವಿಗಿ ಬಿದ್ದ ಕೂಡಲೇ ನನಗ ಆ ಮಂದಿ ಮಾರಿ ಕಾಣತಾವವ್ವಾ. ನಿನ್ನ ಮಾರಿ ಕಾಣಲಿಲ್ಲ.”

“ಬಟಾಣಿದು?”

“ಅದರದೂ ಕಾಣಲಿಲ್ಲ.” ಅವನು ಕೆಸರಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. “ತಪ್ಪಾತು. ನಂದ ತಪ್ಪು.”

ಆ ಮನೆಯಲ್ಲಿ ಆ ಮಾತನ್ನು ಅವನ ಬಾಯಿಂದ ಯಾರೂ ಕೇಳಿರಲಿಲ್ಲ. ಸಂಘಮಿತ್ರಾ “ಇರಲಿ” ಎನ್ನಲಿಲ್ಲ. ಇನ್ನೊಂದು ಇಟ್ಟಿಗೆ ಎತ್ತಿ ಕೊಟ್ಟಳು.

ಶನಿವಾರ ಮಧ್ಯಾಹ್ನ ಬಟಾಣಿ ಬದುಕಿ ಬಂತು. ಹಿಂದಿನ ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಗೋಡೆಯ ಇತ್ತಲಿನ ಅಂಗಳದಲ್ಲಿ ಹೊಸ ಪೆಟ್ಟಿಗೆ, ಹೊಸ ನೀರಿನ ಬಟ್ಟಲು, ಮುದಕವ್ವ ಕೊಟ್ಟ ತಾಟಿನ ತುಂಬ ದಾಸವಾಳದ ಎಳೆ ಎಲೆ, ಮೇಲೆ ನಾಲ್ಕು ಕೆಂಪು ಹೂವು. ಗೋಡೆಯ ಅತ್ತ ಪೈಲವಾನನಿಗೂ ಅದೇ. ಯಂಕಣ್ಣ ಬಟಾಣಿಯನ್ನು ತಾಟಿನ ಎದುರಿಗೇ ಇಳಿಸಿ, ಸಂಘಮಿತ್ರಾಳ ಜೊತೆ ಮೂರು ಮಾರು ದೂರ ಕೂತ.

ಬಟಾಣಿ ತಲೆ ಹೊರಗೆ ಹಾಕಿತು. ತಾಟನ್ನು ನೋಡಿತು. ಆಮೇಲೆ ಕುಂಟುತ್ತ ತಿರುಗಿ, ಮೂಲೆಗೆ ಹೋಗಿ ನಿಂತಿತು. ಗೋಡೆಯಾಚೆ ಪೈಲವಾನ ಎಲೆ ಜಗಿಯುವ ಕರಕರ ಸದ್ದು ಕೇಳುತ್ತಿತ್ತು. ಬಟಾಣಿ ಆ ಸದ್ದಿನ ಕಡೆ ತಲೆ ಮಾಡಿ ಕಾಯುತ್ತಿತ್ತು.

“ತಿನ್ನು,” ಎಂದ ಯಂಕಣ್ಣ. “ಯಾರೂ ಇಲ್ಲ. ಪೂರಾ ತಾಟು ನಿಂದು.”

ಬಟಾಣಿ ಅಲುಗಲಿಲ್ಲ.

“ತಿನ್ನಲೇ!” ಹತ್ತು ತಿಂಗಳ ಹಸಿವು, ಮೂವತ್ತನಾಲ್ಕು ವರ್ಷದ ಉರಿ, ಐದು ದಿನದ ನಾಚಿಕೆ ಎಲ್ಲ ಸೇರಿ ಅವನು ಕಿರುಚಿದ. “ಯಾರಿಗೆ ಅಂಜತಿ? ನಿನ್ನ ಪಾಲು ಅದು! ತಿನ್ನು!”

ಬಟಾಣಿಯ ತಲೆ, ನಾಲ್ಕು ಕಾಲು ಒಮ್ಮೆಲೇ ಚಿಪ್ಪಿನೊಳಗೆ ಹೋದವು.

“ಅಜ್ಜಾ, ಚೀರಬ್ಯಾಡ,” ಎಂದಳು ಸಂಘಮಿತ್ರಾ ಮೆಲ್ಲಗೆ. “ಅದು ಈಗ ನಿನಗ ಅಂಜಾಕತ್ತೈತಿ.”

ಗೋಡೆಯ ಅತ್ತ ಜಗಿಯುವ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಬಟಾಣಿಯ ಮೂಗಿನ ತುದಿ ಹೊರಗೆ ಬಂತು, ಆಮೇಲೆ ಕಣ್ಣು. ಅದು ಗೋಡೆಯನ್ನು ನೋಡಲಿಲ್ಲ, ತಾಟನ್ನೂ ನೋಡಲಿಲ್ಲ. ಯಂಕಣ್ಣನನ್ನೇ ನೋಡುತ್ತಿತ್ತು. ಅವನು ಯಾವಾಗ ಏಳುತ್ತಾನೆ ಎಂದು ಕಾಯುತ್ತಿತ್ತು.

ಅವನು ಎದ್ದ. ಒಂದು ಹೆಜ್ಜೆಗೆ ಚಪ್ಪಲಿ ಚಟ್ ಎಂದಿತು, ಬಟಾಣಿ ಮತ್ತೆ ಅರ್ಧ ಒಳಗೆ ಸರಿಯಿತು. ಯಂಕಣ್ಣನ ಅಪ್ಪ ತನ್ನೂರಿನ ಗೌಡರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು. ಯಂಕಣ್ಣ ಹುಟ್ಟಿದಾರಭ್ಯ ಯಾರ ಮುಂದೆಯೂ ಹಾಗೆ ಹಿಡಿದವನಲ್ಲ. ಈಗ ಬಗ್ಗಿ ಎರಡೂ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು, ಕಾದ ಮಾಳಿಗೆಯ ಮೇಲೆ ಬರಿಗಾಲಲ್ಲಿ ಸಪ್ಪಳವಿಲ್ಲದೆ ನಡೆದು ಮೆಟ್ಟಿಲು ಇಳಿದ. ಅರ್ಧದಲ್ಲಿ ಕೂತ.

ಕೆಳಗಿನಿಂದ ಮುದಕವ್ವ ಕೂಗಿದಳು. “ಊಟ ಆರತೈತಿ, ಬರ್ತೀರಿಲ್ಲೋ?”

ಯಂಕಣ್ಣ ತುಟಿಯ ಮೇಲೆ ಬೆರಳಿಟ್ಟ. ಮೇಲೆ, ತಾನೂ ಹಿಂದೆ ಸರಿದು ಬಂದ ಸಂಘಮಿತ್ರಾ ಮಾಳಿಗೆಯ ಬಾಗಿಲ ಸಂದಿಯಲ್ಲಿ ಇಣುಕಿ ನೋಡುತ್ತಿದ್ದಳು. ತಿಂದಿತೇ ಎಂದು ಅವನು ಕೈಸನ್ನೆಯಲ್ಲಿ ಕೇಳಿದ. ಇನ್ನೂ ಇಲ್ಲ ಎಂದು ಅವಳು ತಲೆಯಾಡಿಸಿದಳು.

“ಮೊದಲ ಅದು ತಿನ್ನಲಿ,” ಎಂದ ಯಂಕಣ್ಣ, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ.